ವರದರಾಜನ ಬೋರ್ಡು, ನನ್ನ ಹೊಲಿಗೆ ಮಿಷನ್ನು

ಆ ಬೋರ್ಡನ್ನ ನಾವು ಮನೆಗೆ ಬಂದ ದಿನವೇ ಕಿತ್ತು ನೀರೊಲೆಗೆ ಹಾಕಿದ್ದಿದ್ರೆ ನಾನಿವತ್ತು ಇಷ್ಟು ಬಾಯಿ ಮಾಡ್ಬೇಕಾಗಿರ್ಲಿಲ್ಲ. ಹಾಕೋಣ ಅಂತ ನಾನು ಅಂದೆ. ಚೆನ್ನಾಗಿ ಒಣಗಿದ ಹಲಗೆ, ಒಂದು ಎಣ್ಣೆಸ್ನಾನದ ನೀರಿಗೆ ಸಾಕಾಗೋದು. ಆದ್ರೆ ನಮ್ಮನೇಲಿ ನನ್ನ ಮಾತು ಯಾರು ಕೇಳ್ತಾರೆ?

"ಇರ್ಲಿ ಬಿಡೇ. ಅದೇನು ನಮ್ಮನ್ನ ಊಟ ಕೇಳತ್ತಾ?" ಅಂದ್ರು ನಮ್ಮನೆಯವ್ರು.

ಕೇಳ್ತು ಸ್ವಾಮಿ, ಊಟಾನೇ ಕೇಳ್ತು. ಅದನ್ನೇ ಹೇಳೋದಕ್ಕೆ ಹೊರಟಿದೀನಿ.

ನಮ್ಮನೆಯವ್ರು ಅಂದ್ರೆ ನನ್ನ ಗಂಡ. ಹೆಸರು ಕೇಳ್ಬೇಡಿ. ಗಂಡನ ಹೆಸರು ಬಾಯಲ್ಲಿ ಆಡಿದ್ರೆ ಅವರ ಆಯಸ್ಸು ಸವೆಯತ್ತೆ ಅಂತ ನಮ್ಮತ್ತೆ ಹೆದರಿಸಿಟ್ಟಿದ್ರು. ಮದುವೆಯಾಗಿ ಹೊಸಿಲು ದಾಟೋವಾಗ ನಾದಿನಿ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿದ್ರೇನೇ ಒಳಗೆ ಬಿಡೋದು ಅಂತ ಹಟ ಹಿಡಿದಾಗ ಒಂದ್ಸಲ ಗೊಣಗಿದ್ದೆ. ಅದು ನನಗೇ ಕೇಳಿಸ್ಲಿಲ್ಲ. ಅಲ್ಲಿಂದ ಇಲ್ಲೀವರೆಗೆ ಇಪ್ಪತ್ತು ವರ್ಷದ ಮೇಲಾಯ್ತು, "ರೀ", "ಏನೂಂದ್ರೆ", "ಕೇಳಿಸ್ತಾ" ಇಷ್ಟರಲ್ಲೇ ಸಂಸಾರ ಮಾಡಿದೀನಿ. ಹಿಂದೆ ಪೇಟೇಲಿದ್ದಾಗ ಜನಗಣತಿಯವರು ಬಂದ್ರೂ ಪಕ್ಕದ ಮನೆಯವ್ರ ಹತ್ರ ಹೇಳಿಸಿದೀನಿ.

ನನ್ನ ಹೆಸರು ಗಿರಿಜಾಂಬಾ. ಅದನ್ನ ಧಾರಾಳವಾಗಿ ಹೇಳ್ಬೋದು.

ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿತ್ತು. ಪೇಟೇಲಿ ಅಣ್ಣತಮ್ಮಂದಿರ ಜತೆ ಒಂದೇ ಮನೇಲಿ ಇಕ್ಕಟ್ಟಾಗಿ, ಎನ್.ಆರ್. ಕಾಲೋನಿಗೆ ಬಾಡಿಗೆಗೆ ಬಂದ್ವಿ. ಮನೆ ಒಡತಿ ತಿಮ್ಮಕ್ಕ. ನಮಗಿಂತ ಮುಂಚೆ ಅಲ್ಲಿದ್ದವನು ವರದರಾಜ ಅನ್ನೋ ವಕೀಲ. ಮೂರ್ನಾಲ್ಕು ತಿಂಗಳಿದ್ದು, ಒಂದಿನ ಬೆಳಗಾಗೋದ್ರೊಳಗೆ ಸಾಮಾನೆಲ್ಲ ಜಟಕಾಕ್ಕೆ ಹೇರ್ಕೊಂಡು ಮಾಯವಾಗಿದ್ನಂತೆ. ಬಾಗಿಲ ಪಕ್ಕದಲ್ಲಿ ಮೊಳೆ ಹೊಡೆದ ಬೋರ್ಡು ಮಾತ್ರ ಉಳಿದಿತ್ತು. ಕಪ್ಪು ಹಲಗೆ ಮೇಲೆ ಬಿಳೀ ಅಕ್ಷರ: ವರದರಾಜ, ಬಿ.ಎ., ಬಿ.ಎಲ್., ಅಡ್ವೊಕೇಟ್.

ನಮ್ಮನೆಯವ್ರು ಚಿಕ್ಕಪೇಟೇಲಿ ನಂಜಪ್ಪನವರ ಜವಳಿ ಅಂಗಡೀಲಿ ಗುಮಾಸ್ತರು. ಇಂಟರ್ಮೀಡಿಯೆಟ್ ಎರಡು ಸಲ ಕಟ್ಟಿ ಎರಡು ಸಲಾನೂ ಡುಮ್ಕಿ. ಆ ಬೋರ್ಡ್ ಕೆಳಗೆ ನಿಂತ್ಕೊಂಡು ಬೆಳಗ್ಗೆ ಹಲ್ಲುಜ್ಜೋವಾಗ ಹಾಲಿನವನು ಒಂದ್ಸಲ "ಲಾಯರ್ ಸ್ವಾಮೀ, ಹಾಲು" ಅಂದ. ಇವರು "ಅಲ್ಲಪ್ಪಾ" ಅನ್ಬೇಕಿತ್ತು ತಾನೆ? ಬಾಯ್ತುಂಬ ಹಲ್ಲುಪುಡಿ ಇತ್ತಂತೆ. ಸರಿ, ಅವತ್ತು ಹಲ್ಲುಪುಡಿ ಇತ್ತು. ಮಾರನೇ ದಿನ? ಅದರ ಮಾರನೇ ದಿನ?

ಹಾಲಿನವನಿಂದ ತರಕಾರಿಯವಳಿಗೆ, ತರಕಾರಿಯವಳಿಂದ ಬೀದಿಗೆ. ಆಗ ಅಲ್ಲೆಲ್ಲ ಹೊಸ ಮನೆಗಳು, ಹೊಸ ಬಾಡಿಗೆದಾರರು, ಯಾರಿಗೂ ಯಾರ ಪೂರ್ವಾಪರಾನೂ ಗೊತ್ತಿಲ್ಲ. ಎದುರು ಮನೆ ಗೋದಾ ನಮಗಿಂತ ಆಮೇಲೆ ಬಂದವಳು. ಅವಳ ಮನೆ ಮುಂದೆ ಪಕ್ಕದವರ ಬಚ್ಚಲ ನೀರು ಹರಿಯತ್ತೆ ಅಂತ ಅವಳ ಗಂಡ ಇವರ ಹತ್ರ ಸಲಹೆ ಕೇಳೋದಕ್ಕೆ ಬಂದ. ಇವರು ಕಣ್ಣು ಮುಚ್ಕೊಂಡು ಕೂತು, ಆಮೇಲೆ ಕಣ್ಣು ಬಿಟ್ಟು, "ಇದು ಸಿವಿಲ್ಲೂ ಹೌದು, ಕ್ರಿಮಿನಲ್ಲೂ ಹೌದು. ನೀವು ಸ್ವಲ್ಪ ಕಾಲಾವಕಾಶ ತಗೊಳ್ಳಿ" ಅಂದ್ರು. ಇವರಿಗೆ ಗೊತ್ತಿದ್ದ ಕಾನೂನು ಅದೊಂದೇ. ಅಷ್ಟರಲ್ಲಿ ಮಳೆಗಾಲ ಮುಗಿದು ಬಚ್ಚಲ ನೀರು ತಾನಾಗೇ ಒಣಗಿಹೋಯ್ತು. "ಎಂಥಾ ತಲೆ ರೀ ನಿಮ್ಮೆಜಮಾನ್ರದು!" ಅಂತ ಗೋದಾ ನನ್ನ ಹತ್ರ ಕಣ್ಣರಳಿಸಿದ್ಲು.

ಫೀಜು ಅಂತ ಒಂದು ಕಾಸು ಯಾರ ಹತ್ರಾನೂ ಮುಟ್ಲಿಲ್ಲ, ಅದೊಂದು ಪುಣ್ಯ. ಮರ್ಯಾದೆ ಮಾತ್ರ ತಗೊಂಡ್ರು, ಅದನ್ನ ಎರಡು ಕೈಲೂ ತಗೊಂಡ್ರು. ಆಮೇಲೆ ಅಂಗಡೀಲಿ ಮಿಕ್ಕ ಕರೀ ಬಟ್ಟೆ ತುಂಡು ತಂದು, "ಒಂದು ಕೋಟ್ ಹೊಲ್ಕೊಡೇ, ಚಳಿ" ಅಂದ್ರು. ಅದು ಏಪ್ರಿಲ್ ತಿಂಗಳು. ನಾನೂ ಬುದ್ಧಿಗೆಟ್ಟು ಹೊಲ್ಕೊಟ್ಟೆ.

ಹೊಲಿದಿದ್ದು ನನ್ನ ಮಿಷನ್ನಲ್ಲಿ. ಅದರ ವಿಚಾರ ಇಲ್ಲೇ ಹೇಳ್ಬಿಡ್ತೀನಿ. ನಮ್ಮಮ್ಮ ಸಾಯೋವಾಗ ಕೊಟ್ಟ ಎರಡು ಬಳೆ ಮಾರಿ, ಪೂರ್ತಿ ದುಡ್ಡು ಎಣಿಸಿಟ್ಟು ತಂದಿದ್ದು ಆ ಮಿಷನ್ನು. ಕಂತು ಗಿಂತು ಏನಿಲ್ಲ. ಇವರ ಸಂಬಳ ರೇಷನ್ನಿಗೆ, ಹಾಲಿಗೆ. ಮನೆ ಬಾಡಿಗೆ ಅನ್ನೋದು ನನ್ನ ಮಿಷನ್ನಿನ ಸೂಜಿ ತುದೀಲೇ ಹುಟ್ಬೇಕು. ಅದು ನಿಂತ್ರೆ ನಾವು ತಿರುಗ ಪೇಟೆಗೆ ಹೋಗಿ ಓರಗಿತ್ತಿ ಕೈಕೆಳಗೆ ಮುದ್ದೆ ತಿರುವ್ಬೇಕು. ಆ ತಿಂಗಳು ಗೋದಾ ತಂಗಿ ಮದುವೆ ಅಂತ ರವಿಕೆ ರಾಶಿ ಬಿದ್ದಿತ್ತು, ಉಸಿರಾಡೋಕೂ ಪುರುಸೊತ್ತಿಲ್ಲ.

ಆಗ ಬಂದ ಮುನಿಸ್ವಾಮಿ.

ಖಾಕಿ ಷರ್ಟು, ಕಂಕುಳಲ್ಲಿ ಕೊಡೆ, ಮತ್ತೆ ಆ ಗಂಟಲು. ಹಿಂದೆ ನಾಟಕ ಕಂಪನಿಯವರ ಜಟಕಾ ಮೇಲೆ ಕೂತ್ಕೊಂಡು, ಇಂದು ಸಂಜೆ ಒಂದೇ ಒಂದು ಆಟ ಅಂತ ಬೀದಿಬೀದೀಲಿ ಕೂಗ್ತಿದ್ದವನಂತೆ. ಕಂಪನಿ ಮುಳುಗಿದ ಮೇಲೆ ಚಾಮರಾಜಪೇಟೆಯ ರೇಡಿಯೋ ಅಂಗಡಿ ಚೂಡಾಮಣಿ ಆ ಗಂಟಲನ್ನ ಸಂಬಳಕ್ಕಿಟ್ಕೊಂಡಿದ್ದ. ಬಾಕಿ ವಸೂಲಿಗೆ.

"ಯಜಮಾನ್ರಿದಾರಾ ತಾಯಿ?"

"ಇಲ್ಲ, ಕೆಲಸಕ್ಕೆ ಹೋಗಿದಾರೆ."

"ಯಜಮಾನ್ರ ಹೆಸರೇನು?"

ನೋಡಿ, ಹೊರಗಿನ ಗಂಡಸು ಬಂದು ನನ್ನನ್ನ ಕೇಳೋ ಪ್ರಶ್ನೇನಾ ಇದು? "ಅದನ್ನ ನನ್ನ ಕೇಳ್ತೀರಲ್ರೀ! ಎದುರು ಮನೇಲಿ ಕೇಳ್ಕೊಳ್ಳಿ" ಅಂದೆ.

ಅವನು ಎದುರು ಮನೆಗೆ ಹೋದ. ಗೋದಾ ಮೊರದಲ್ಲಿ ಅಕ್ಕಿ ಆರಿಸ್ತಾ ಕೂತಿದ್ಲು. ತಲೇನೂ ಎತ್ತದೆ, "ಲಾಯರ್ ಮನೆ ಕಣ್ರೀ. ಬೋರ್ಡಿಲ್ವಾ? ಓದ್ಕೊಳ್ಳಿ" ಅಂದ್ಲು. ಅವನು ಓದ್ಕೊಂಡ. ನಡುಬೀದಿಗೆ ಬಂದ. ಕೊಡೆ ನೆಲಕ್ಕೂರಿ ಎದೆ ಉಬ್ಬಿಸಿದ.

"ಮಹಾಜನಗಳೇ! ಇದೇ ಮನೆಯ ವರದರಾಜ, ಬಿ.ಎ., ಬಿ.ಎಲ್.! ಚೂಡಾಮಣಿ ರೇಡಿಯೋ ಅಂಗಡಿಯಿಂದ ಕಂತಿನ ಮೇಲೆ ರೇಡಿಯೋ ತಂದು, ಒಂದು ಕಂತು ಕೊಟ್ಟು, ಮಿಕ್ಕಿದ್ದೆಲ್ಲ ನುಂಗಿ ಕೂತಿರೋ ಮಹಾನುಭಾವರು! ಬನ್ನಿ, ನೋಡಿ! ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ!"

ಕೊನೆ ಮಾತು ಹಳೇ ಅಭ್ಯಾಸದ ಮೇಲೆ ಬಂದಿದ್ದು. ಹೆಂಗಸರೆಲ್ಲ ನಿಜವಾಗ್ಲೂ ಬಂದು ಒಂದು ಕಡೆ ನಿಂತ್ಕೊಂಡ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. "ಯಾರೋ ನೀನು? ನಮ್ಮನೇಲಿ ರೇಡಿಯೋನೇ ಇಲ್ಲ! ಒಳಗೆ ಬಂದು ನೋಡು!"

"ಕೇಳಿದ್ರಾ ಮಹಾಜನಗಳೇ! ರೇಡಿಯೋನೇ ಇಲ್ವಂತೆ! ಆಗ್ಲೇ ಮಾರ್ಕೊಂಡು ತಿಂದಾಗಿದೆ!"

ಒಲೆ ಮೇಲಿನ ಸಾರು ಉಕ್ಕಿ ಒಲೆ ಆರಿಹೋಯ್ತು. ಅವನ ಗಂಟಲು ಆರ್ಲಿಲ್ಲ.

ಸಾಯಂಕಾಲ ಇವರು ಬಂದ್ರು. ನಾನು ಕಾಫೀನೂ ಕೊಡ್ಲಿಲ್ಲ. "ನಾಳೆ ಬರ್ತಾನಂತೆ. ನಾನು ವರದರಾಜ ಅಲ್ಲ, ನನ್ನ ಹೆಸರು ಇಂಥದ್ದು ಅಂತ ಎದುರಿಗೆ ನಿಂತು ಹೇಳಿ. ಮುಗೀತು" ಅಂದೆ.

"ಹೇಳ್ತೀನಿ ಬಿಡೇ. ಅದೇನು ಮಹಾ!"

"ಕರೀ ಕೋಟ್ ಹಾಕ್ಕೊಂಡು ಹೋಗ್ಬೇಡಿ ಮತ್ತೆ."

ಬೆಳಗ್ಗೆ ಎದ್ದು ಹಣೆ ತುಂಬ ವಿಭೂತಿ ಇಟ್ಟು, ಪೂಜೆ ಮುಗಿಸಿ, ಕರೀ ಕೋಟನ್ನೇ ಹಾಕ್ಕೊಂಡು ಹೋದ್ರು. ಮುನಿಸ್ವಾಮಿ ನಿಂತಿದ್ದ. ಬೀದಿಗೆ ಬೀದಿನೇ ನಿಂತಿತ್ತು. ಹೆಂಗಸರು ಇವತ್ತು ಹೇಳಿಸ್ಕೊಳ್ದೇನೇ ಪ್ರತ್ಯೇಕ ಜಾಗದಲ್ಲಿ ನಿಂತಿದ್ರು.

"ನೋಡಪ್ಪಾ," ಅಂದ್ರು ಇವರು. "ನಾನು..."

"ಬಿಡ್ಬೇಡಿ ಲಾಯರ್ರೇ!" ಗೋದಾ ಗಂಡ ಗೇಟ್ ಮೇಲಿಂದ ಕೂಗಿದ. "ಮನೆ ಮುಂದೆ ಬಂದು ಕೂಗೋನಿಗೆ ಕಾನೂನು ಅಂದ್ರೇನು ಅಂತ ತೋರ್ಸಿ!"

"ಹೌದೌದು, ಒಂದು ಸೆಕ್ಷನ್ ಬಿಡಿ ಅವನಿಗೆ!" ಅಂದ ಹಾಲಿನವನು.

ಇವರು ಬೀದಿ ನೋಡಿದ್ರು. ಬೋರ್ಡ್ ನೋಡಿದ್ರು. ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ಒಂದನ್ನ ಬಿಟ್ಟು ಎಲ್ಲಾನೂ ನೋಡಿದ್ರು. ಆಮೇಲೆ ಕೋಟಿನ ಕಾಲರ್ ಹಿಡ್ಕೊಂಡು ಗಂಭೀರವಾಗಿ ಹೇಳಿದ್ರು: "ಕಾನೂನು ಪ್ರಕಾರ... ನನಗೆ ಒಂದು ವಾರ ಕಾಲಾವಕಾಶ ಬೇಕು."

"ಆಗ್ಲಿ ಸಾರ್, ಧಾರಾಳವಾಗಿ!" ಮುನಿಸ್ವಾಮಿ ಕೈ ಮುಗಿದ. "ಎಲ್ರೂ ಕೇಳಿಸ್ಕೊಂಡ್ರಲ್ಲ? ವಕೀಲರು ಬಾಕಿ ಒಪ್ಕೊಂಡ್ರು!"

ಬೀದಿಯವ್ರು ಶಭಾಷ್ ಅಂದ್ರು. ನನ್ನ ಕೈಲಿದ್ದ ಸೌಟು ಗೋಡೆಗೆ ಬಿದ್ದು ಕಾವು ಮುರೀತು. ಅದನ್ನ ಎಸೆದಿದ್ದು ನಾನೇ. ಸುಳ್ಳು ಯಾಕೆ ಹೇಳ್ಲಿ, ಇವರ ತಲೆಗೇ ಗುರಿ ಇಟ್ಟಿದ್ದು, ತಪ್ಪಿಹೋಯ್ತು.

"ಅಲ್ರೀ, ಯಾವನೋ ತಗೊಂಡ ಸಾಲಕ್ಕೆ ಯಾವನೋ ವಾರ ಕೇಳ್ತಾನಾ?"

"ನಿಂಗೆ ಗೊತ್ತಾಗಲ್ಲ. ಇದನ್ನ ಸಮಯ ಪಡೆಯೋದು ಅಂತಾರೆ."

"ಪಡೆದು ಏನ್ಮಾಡ್ತೀರಿ?"

ಅದನ್ನ ಅವರಿನ್ನೂ ಯೋಚನೆ ಮಾಡಿರ್ಲಿಲ್ಲ.

ಇವರ ನಿಜವಾದ ಹೆಸರು ಆ ಬೀದೀಲಿ ಗೊತ್ತಿದ್ದಿದ್ದು ಮನೆ ಒಡತಿ ತಿಮ್ಮಕ್ಕನಿಗೊಬ್ಬಳಿಗೆ. ಅವಳು ಮಗಳ ಬಾಣಂತನಕ್ಕೆ ಮತ್ತಿಕೆರೆಗೆ ಹೋಗಿದ್ಲು. "ಹೋಗಿ ಕರ್ಕೊಂಡು ಬನ್ನಿ, ಅವಳೊಂದು ಮಾತು ಹೇಳಿದ್ರೆ ಸಾಕು" ಅಂತ ದಿನಾ ಬಡ್ಕೊಂಡೆ. ಮತ್ತಿಕೆರೆ ದೂರ ಅಂದ್ರು. ಭಾನುವಾರ ಬರ್ಲಿ ಅಂದ್ರು. ಭಾನುವಾರ ಬಂದಾಗ ತಲೆನೋವು ಅಂದ್ರು. ತಿಮ್ಮಕ್ಕ ಬಂದ್ರೆ ವಕೀಲಿಕೆ ಹೋಗತ್ತಲ್ಲ, ಅದಕ್ಕೆ ತಲೆನೋವು. ನನಗೆ ಗೊತ್ತಾಗ್ದೇ ಏನು?

ವಾರ ಕಳೀತು. ಮಟಮಟ ಮಧ್ಯಾಹ್ನ, ಇವರು ಅಂಗಡೀಲಿದ್ದಾಗ, ಮುನಿಸ್ವಾಮಿ ಕೈಗಾಡಿ ತಳ್ಕೊಂಡು ಇಬ್ಬರು ಆಳುಗಳ ಜತೆ ಬಂದ. ನಾನು ಗೋದಾ ರವಿಕೆಗೆ ತೋಳು ಕೂಡಿಸ್ತಾ ಕೂತಿದ್ದೆ. ಅವನು ನೇರ ಒಳಗೆ ಬಂದು ಮೊಹರು ಹೊಡೆದ ಒಂದು ಕಾಗದ ಆಡಿಸಿ, "ಜಪ್ತಿ!" ಅಂದ. ಮೊಹರು ಅವರ ಅಂಗಡೀದೇ, ರಸೀತಿಗೆ ಹೊಡೆಯೋದು. ಆದ್ರೆ ನೇರಳೆ ಬಣ್ಣದಲ್ಲಿ ದುಂಡಗಿತ್ತಲ್ಲ, ಅಷ್ಟು ಸಾಕು, ಬಾಗಿಲಲ್ಲಿ ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದ್ರು.

ನಾನು ಮಿಷನ್ ಮೇಲೆ ಅಡ್ಡ ಬಿದ್ದೆ. "ಮುಟ್ಟಿದ್ರೆ ಕತ್ರಿ ಹಾಕ್ತೀನಿ ಕೈಗೆ! ಇದು ನನ್ನದು! ನಮ್ಮಮ್ಮನ ಬಳೆ ಇದು! ನಾವು ವರದರಾಜನ ಮನೆಯವರಲ್ಲ!"

ಮುನಿಸ್ವಾಮಿ ಆಳುಗಳನ್ನ ತಡೆದ. ನಾಟಕದಲ್ಲಿ ನ್ಯಾಯ ಹೇಳೋ ರಾಜನ ಥರ ಕೈ ಎತ್ತಿದ. "ಆಯ್ತು ತಾಯಿ. ನಾನೂ ಹೆಂಡತಿ ಮಕ್ಕಳಿರೋನು. ನಿಮ್ಮೆಜಮಾನ್ರು ವರದರಾಜ ಅಲ್ಲ ಅಂತೀರಿ. ಹಾಗಾದ್ರೆ ಯಾರು? ಹೆಸರು ಹೇಳಿ. ಈಗಿಂದೀಗ್ಲೇ ಗಾಡಿ ತಿರುಗಿಸ್ತೀನಿ."

ಬಾಯಿ ತೆರೆದೆ. ಹೆಸರು ನಾಲಿಗೆ ಮೇಲೆ ಬಂದು ಕೂತಿತ್ತು. ಅತ್ತೆ ಹೋಗಿ ಎಷ್ಟೋ ವರ್ಷ ಆಗಿತ್ತು, ಆದ್ರೂ ಎಲ್ಲಿಂದಲೋ ಬಂದು ಬಾಯಿಗೆ ಕೈ ಅಡ್ಡ ಹಿಡಿದ ಹಾಗಾಯ್ತು. ಗೋದಾ ಬಾಗಿಲಿಂದ ಪೇಚಾಡಿದ್ಲು: "ಸನ್ನೆ ಮಾಡಿ ಗಿರಿಜಮ್ಮಾ, ನಾನು ಹೇಳ್ತೀನಿ! ದೇವರ ಹೆಸರಾ? ಊರಿನ ಹೆಸರಾ?" ನಾನು ಮೇಲೆ ತೋರ್ಸಿದೆ, ಎದೆ ಮೇಲಿನ ಲಿಂಗ ತೋರ್ಸಿದೆ, ಐದು ಬೆರಳು ತೋರ್ಸಿದೆ. ಅವಳು "ಐದು ರೂಪಾಯಿ ಕೊಡ್ತಾರಂತೆ, ಬಿಟ್ಟು ಹೋಗ್ಬೇಕಂತೆ" ಅಂತ ಮುನಿಸ್ವಾಮಿಗೆ ಹೇಳಿದ್ಲು.

"ಐದು ರೂಪಾಯಿಗೆ ರೇಡಿಯೋನಾ?" ಅಂತ ಅವನು ಮಿಷನ್ ಎತ್ತಿಸಿದ. ಸೂಜಿ ಕೆಳಗೆ ರವಿಕೆ ಹಾಗೇ ಇತ್ತು, ಒಂದು ತೋಳು ಕೂಡಿಸಿದ್ದು, ಒಂದು ತೋಳು ಕೂಡಿಸ್ದೇ ಇರೋದು. ಅದೂ ಗಾಡಿ ಹತ್ತಿ ಹೋಯ್ತು.

ಅವತ್ತು ನಮ್ಮನೇಲಿ ಒಲೆ ಹಚ್ಲಿಲ್ಲ. ಬೋರ್ಡು ಊಟ ಕೇಳತ್ತಾ ಅಂದಿದ್ರಲ್ಲ, ಕೇಳಿದ್ದು ಹೀಗೆ. ಸಾಯಂಕಾಲ ಇವರು ಬಂದು ಖಾಲಿ ಮೂಲೆ ನೋಡಿದ್ರು. ಮಿಷನ್ನಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುರುತು, ಒಂದಿಷ್ಟು ದಾರದ ಚೂರು.

"ಒಂದು ಅರ್ಜಿ ಬರೆದು..." ಅಂತ ಶುರು ಮಾಡಿದ್ರು.

"ಚಪ್ಪಲಿ ಹಾಕ್ಕೊಳ್ಳಿ," ಅಂದೆ ನಾನು. "ಪೊಲೀಸ್ ಸ್ಟೇಷನ್ನಿಗೆ ನಡೀರಿ."

ಹೊರಟಿದ್ದು ನಾವಿಬ್ರು. ಗೇಟ್ ದಾಟೋ ಹೊತ್ತಿಗೆ ಗೋದಾ ಸೇರ್ಕೊಂಡ್ಲು. ರವಿಕೆ ಅವಳದಲ್ವಾ? ಅವಳ ಹಿಂದೆ ಅವಳ ಗಂಡ, ಅವನ ಹಿಂದೆ ಹಾಲಿನವನು. "ಲಾಯರ್ರು ಸ್ಟೇಷನ್ನಲ್ಲಿ ಹ್ಯಾಗೆ ಬೆವರಿಳಿಸ್ತಾರೆ ನೋಡ್ಬೇಕು" ಅಂತ ದಾರಿ ಉದ್ದಕ್ಕೂ ಮಾತಾಡ್ಕೊಂಡು ಬಂದ್ರು. ಬೆವರಿದ್ದು ನಮ್ಮ ಲಾಯರ್ರೇ. ಕರೀ ಕೋಟು ಬೆನ್ನಿಗೆ ಅಂಟ್ಕೊಂಡಿತ್ತು.

ಇನ್ಸ್‌ಪೆಕ್ಟರ್ ದೊಡ್ಡಬೈರಪ್ಪ ಅಂತ. ದೊಡ್ಡ ಮೀಸೆ, ಸಣ್ಣ ತಾಳ್ಮೆ. ನಮ್ಮ ಮೆರವಣಿಗೆ ನೋಡಿ, "ಏನು, ಮದುವೆ ದಿಬ್ಬಣವಾ?" ಅಂದ್ರು. ನಾನೇ ಎಲ್ಲ ಹೇಳಿದೆ. ಇವರು ನಡುವೆ ನಡುವೆ "ಸಿವಿಲ್ಲೂ ಹೌದು, ಕ್ರಿಮಿನಲ್ಲೂ ಹೌದು" ಅಂತಿದ್ರು. ಇನ್ಸ್‌ಪೆಕ್ಟರ್ ಟೋಪಿ ತಗೊಂಡ್ರು. "ಮೊದ್ಲು ಮಿಷನ್ ಎಲ್ಲಿದೆ ನೋಡೋಣ, ನಡೀರಿ ಚಾಮರಾಜಪೇಟೆಗೆ."

ಮಿಷನ್ ಎಲ್ಲಿತ್ತು ಅಂತೀರಿ? ಅಂಗಡಿ ಮುಂದಿನ ಗಾಜಿನ ಬೀರುವಿನಲ್ಲಿ! ಎರಡು ರೇಡಿಯೋ ಮಧ್ಯ, ಪಕ್ಕದಲ್ಲಿ ಮಾರಾಟಕ್ಕಿದೆ ಅಂತ ಚೀಟಿ. ಸೂಜಿ ಕೆಳಗೆ ಗೋದಾಳ ಒಂಟಿ ತೋಳಿನ ಗುಲಾಬಿ ರವಿಕೆ. ಹೋಗೋರು ಬರೋರೆಲ್ಲ ನಿಂತು ನೋಡ್ತಿದಾರೆ.

"ಅಯ್ಯೋ ನನ್ನ ಮಾನ!" ಅಂದ್ಲು ಗೋದಾ. "ಹಿಂದೆ ಕಸೆ ಕಟ್ಟೋ ಥರದ್ದು ಹೇಳಿದ್ದೆ, ಊರೆಲ್ಲ ನೋಡ್ಬಿಡ್ತಲ್ಲ!"

ಚೂಡಾಮಣಿ ಒಳಗಿಂದ ಬಂದ. ವರದರಾಜನಿಗೆ ರೇಡಿಯೋ ಕೊಟ್ಟಿದ್ದು ಅಂಗಡಿ ಆಳಂತೆ, ಇವನು ಅವನ ಮುಖಾನೇ ನೋಡಿರ್ಲಿಲ್ವಂತೆ. ರೇಷ್ಮೆ ಜುಬ್ಬ, ಕಿವಿಗೆ ಅತ್ತರಿನ ಹತ್ತಿ, ಬೆಣ್ಣೆ ಹಚ್ಚಿದ ಮಾತು. "ಬನ್ನಿ ಸಾರ್, ಕೂತ್ಕೊಳಿ ಸಾರ್."

"ಇದು ಹ್ಯಾಗೆ ಬಂತು ಇಲ್ಲಿಗೆ?"

"ಜಪ್ತಿ ಸಾರ್."

"ಯಾವ ಕೋರ್ಟಿಂದು? ಜಪ್ತಿ ಮಾಡೋ ಅಮೀನ ಯಾರು ಬಂದಿದ್ದ?"

"ಇಷ್ಟಕ್ಕೆಲ್ಲ ಕೋರ್ಟಿಗೆ ಯಾಕೆ ತೊಂದ್ರೆ ಕೊಡೋದು ಅಂತ ನಾವೇ ಮಾಡ್ಕೊಂಡ್ವಿ ಸಾರ್."

ಇನ್ಸ್‌ಪೆಕ್ಟರ್ ಮೀಸೆ ಅಲ್ಲಾಡಿತು. ಚೂಡಾಮಣಿಗೆ ತಪ್ಪು ಹೊಳೀತು, ತಕ್ಷಣ ಮಾತು ತಿರುಗಿಸಿದ. "ಜಪ್ತಿ ಅಂತ ಬಾಯ್ತಪ್ಪಿ ಬಂತು ಸಾರ್. ಇವರಾಗೇ ಕೊಟ್ಟಿದ್ದು. ವರದರಾಜ್ ಅವರೇ ಬೀದಿ ಎದುರಿಗೆ ಬಾಕಿ ಒಪ್ಕೊಂಡು ವಾರ ಕೇಳಿದ್ರು. ವಾರ ಆಯ್ತು, ದುಡ್ಡಿಲ್ಲ, ಮಿಷನ್ ತಗೊಂಡು ಹೋಗಿ ಅಂತ ಬಿಟ್ಟುಕೊಟ್ರು. ಖುದ್ದು ವಕೀಲರಲ್ವಾ ಸಾರ್, ಕಾನೂನು ತಿಳಿದೋರು ಸುಮ್ನೆ ಕೊಡ್ತಾರಾ? ಏನೋ ಮುನಿಸ್ವಾಮಿ?"

"ನಗುನಗ್ತಾ ಕೊಟ್ರು ಸಾರ್," ಅಂದ ಮುನಿಸ್ವಾಮಿ.

ನಗುನಗ್ತಾ! ನನ್ನ ಕತ್ರಿ ಮನೇಲೇ ಉಳಿದಿತ್ತಲ್ಲ ಅಂತ ಆ ಗಳಿಗೇಲಿ ಹೊಟ್ಟೆ ಉರೀತು.

ಇನ್ಸ್‌ಪೆಕ್ಟರ್ ಇವರ ಕಡೆ ತಿರುಗಿದ್ರು. "ನೋಡಿ ಸ್ವಾಮಿ, ಸುಲಭವಾಗಿ ಹೇಳ್ತೀನಿ. ನೀವು ವರದರಾಜ ಆಗಿದ್ದು, ನೀವಾಗೇ ಕೊಟ್ಟಿದ್ರೆ ನಾನೇನೂ ಮಾಡೋಹಾಗಿಲ್ಲ. ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಕಾಯ್ರಿ. ವರದರಾಜ ಅಲ್ದಿದ್ರೆ ಇದು ಹಗಲು ಕಳ್ಳತನ. ಈ ನಿಮಿಷವೇ ಇಬ್ಬರನ್ನೂ ಒಳಗೆ ಹಾಕ್ತೀನಿ. ಆದ್ರೆ ಆಗ ಇನ್ನೊಂದು ಪ್ರಶ್ನೆ ಬರತ್ತೆ. ವಕೀಲ ಅಲ್ದೋರು ವಕೀಲರ ಬೋರ್ಡ್ ಯಾಕೆ ಹಾಕ್ಕೊಂಡ್ರಿ? ಈಗ ಹೇಳಿ. ನೀವು ವರದರಾಜನೋ ಅಲ್ವೋ?"

ಅಂಗಡಿ ಮುಂದೆ ಜನವೋ ಜನ. ಗೋದಾ ಗಂಡ ಬಾಯಿ ಬಿಟ್ಕೊಂಡು ಕಾಯ್ತಿದಾನೆ. ಹಾಲಿನವನು ಒಂದು ಸೆಕ್ಷನ್ನಿಗೆ ಕಾಯ್ತಿದಾನೆ. ಇವರು ಕೋಟಿನ ಕಾಲರ್ ಹಿಡ್ಕೊಂಡ್ರು. ಗಂಟಲು ಸರಿಮಾಡ್ಕೊಂಡ್ರು.

"ಉತ್ತರಿಸೋದಕ್ಕೆ ನನಗೆ ಒಂದು ವಾರ ಕಾಲಾವಕಾಶ..."

ಇನ್ಸ್‌ಪೆಕ್ಟರ್ ಕೈ ಚೆಲ್ಲಿ ನನ್ನ ಕಡೆ ನೋಡಿದ್ರು. "ನೀವಾದ್ರೂ ಹೇಳಿ ತಾಯಿ. ನಿಮ್ಮ ಯಜಮಾನ್ರ ಹೆಸರೇನು?"

"ಅವರೇನ್ ಹೇಳ್ತಾರೆ ಸಾರ್," ಚೂಡಾಮಣಿ ನಕ್ಕ. "ಗಂಡನ ಹೆಸರೂ ಹೇಳೋಕೆ ಬಾರದ ಹೆಂಗಸರು. ಇಂಥೋರಿಗೆಲ್ಲ ಮಿಷನ್ ಯಾಕೆ ಸಾರ್ ಬೇಕು?" ಅಂತ ಗಾಜಿನ ಬೀರು ತೆಗೆದು ನನ್ನ ಮಿಷನ್ನಿನ ಚಕ್ರಕ್ಕೆ ಕೈ ಹಾಕಿ ಗರ್ರಂತ ತಿರುಗಿಸಿದ. ಹಿಂದಕ್ಕೆ ತಿರುಗಿಸಿದ! ಹಿಂದಕ್ಕೆ ತಿರುಗಿಸಿದ್ರೆ ದಾರ ಸಿಕ್ಕಾಗತ್ತೆ ಅಂತ ಎಳೇ ಮಗೂಗೂ ಗೊತ್ತು. ಟಪ್ ಅಂತ ದಾರ ಕಿತ್ತು ಬಂತು.

ಆಮೇಲೆ ಏನಾಯ್ತೋ ನನಗೆ ಗೊತ್ತಿಲ್ಲ. ಬಾಯಿ ನನ್ನದು, ಕೂಗು ಯಾರದೋ.

"ಪಂಚಾಕ್ಷರಯ್ಯ!"

ಚಾಮರಾಜಪೇಟೆ ನಿಂತುಹೋಯ್ತು. ಎದುರಿಗೆ ಹೋಗ್ತಿದ್ದ ಜಟಕಾದವನು ಲಗಾಮು ಎಳೆದ.

"ಕೇಳಿಸ್ತೇನ್ರೋ? ಪಂಚಾಕ್ಷರಯ್ಯ! ಪೇಟೆ ರುದ್ರಯ್ಯನವರ ಮೂರನೇ ಮಗ ಪಂಚಾಕ್ಷರಯ್ಯ! ವಕೀಲನೂ ಅಲ್ಲ ಗಿಕೀಲನೂ ಅಲ್ಲ, ಚಿಕ್ಕಪೇಟೆ ನಂಜಪ್ಪನವರ ಅಂಗಡೀಲಿ ಬಟ್ಟೆ ಅಳೆಯೋ ಪಂಚಾಕ್ಷರಯ್ಯ! ಇಂಟರ್ಮೀಡಿಯೆಟ್ ಎರಡು ಸಲ ಫೇಲು! ಇಂಗ್ಲಿಷಲ್ಲೂ ಫೇಲು, ಲೆಕ್ಕದಲ್ಲೂ ಫೇಲು! ಬೋರ್ಡು ವರದರಾಜನದು, ರೇಡಿಯೋ ವರದರಾಜನದು, ಸಾಲ ವರದರಾಜನದು! ಗಂಡ ಮಾತ್ರ ನನ್ನವನು, ಮಿಷನ್ ಮಾತ್ರ ನಂದು! ತೆಗಿಯೋ ಕೈ!"

ಚೂಡಾಮಣಿ ಕೈ ತೆಗೆದ. ಅದೆಷ್ಟು ಬೇಗ ತೆಗೆದ ಅಂದ್ರೆ ಕಿವಿಯ ಅತ್ತರಿನ ಹತ್ತಿ ಉದುರಿಹೋಯ್ತು.

ನಾನು ಇವರ ಕಡೆ ತಿರುಗಿ ನೋಡಿದೆ. ಇವರು ಮೆಲ್ಲಗೆ ಎದೆ ಮೇಲೆ ಕೈ ಇಟ್ಟು ನೋಡ್ಕೊಂಡ್ರು, ಆಮೇಲೆ ಮಣಿಕಟ್ಟು ಹಿಡಿದು ನಾಡಿ ನೋಡ್ಕೊಂಡ್ರು. ಎಲ್ಲ ನಡೀತಿತ್ತು.

ಇನ್ಸ್‌ಪೆಕ್ಟರ್ ಟೋಪಿ ಸರಿಮಾಡ್ಕೊಂಡು ಚೂಡಾಮಣಿ ಹತ್ರ ಹೋದ್ರು. ಅವರ ದನಿ ಈಗ ತಣ್ಣಗಿತ್ತು, ಅದೇ ಭಯ ಹುಟ್ಟಿಸೋ ಹಾಗಿತ್ತು. "ಕೇಳಿಸ್ಕೊಳಿ ಚೂಡಾಮಣಿಯವ್ರೇ. ಒಬ್ಬನ ಸಾಲಕ್ಕೆ ಇನ್ನೊಬ್ಬನ ಮನೆ ಬಾಗಿಲು ತಟ್ಟೋ ಹಕ್ಕು ನಿಮಗಿಲ್ಲ. ಸಾಲಗಾರನೇ ಆಗಿದ್ರೂ ಬೀದೀಲಿ ನಿಂತು ಮಾನ ಹರಾಜು ಹಾಕೋ ಹಕ್ಕಿಲ್ಲ. ಒಂದು ಚಮಚ ಎತ್ಬೇಕು ಅಂದ್ರೂ ಕೋರ್ಟು ಹೇಳ್ಬೇಕು, ಕೋರ್ಟಿನ ಅಮೀನ ಬರ್ಬೇಕು. ಅವನು ಬಂದ್ರೂ ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಮುತ್ತೈದೆ ತಾಳಿ, ಹೊಟ್ಟೆ ಹೊರೆಯೋ ಕಸುಬಿನ ಸಾಮಾನು, ಇವನ್ನ ಮುಟ್ಟೋಹಾಗಿಲ್ಲ. ಸರ್ಕಾರವೇ ಮುಟ್ಟದ್ದನ್ನ ನೀವು ರಸೀತಿ ಮೊಹರು ಹೊಡ್ಕೊಂಡು ಹೋಗಿ ಎತ್ಕೊಂಡು ಬಂದಿದೀರಿ."

"ಈ ಪುಣ್ಯಾತ್ಮನಿಗೂ ಇದೆಲ್ಲ ಗೊತ್ತಿರ್ಬೇಕಿತ್ತಲ್ಲ ಸಾರ್, ಲಾಯರ್ ಅಂತ..." ಅಂದ ಗೋದಾ ಗಂಡ, ಅರ್ಧದಲ್ಲೇ ನಿಲ್ಲಿಸಿ ಇವರ ಕೋಟನ್ನೇ ನೋಡ್ದ. ಅವನ ಬಚ್ಚಲ ನೀರಿನ ಕೇಸು ನೆನಪಾಗಿರ್ಬೇಕು.

"ಇವರ ವಿಷಯ ಆಮೇಲೆ," ಅಂದ್ರು ಇನ್ಸ್‌ಪೆಕ್ಟರ್. "ಫೀಜು ಏನಾದ್ರೂ ತಗೊಂಡಿದಾರಾ ಯಾರ ಹತ್ರಾನಾದ್ರೂ?"

"ನಾನೇ ಹಾಲು ಒಂದಿಷ್ಟು ಜಾಸ್ತಿ ಹಾಕ್ತಿದ್ದೆ ಸಾರ್, ಮರ್ಯಾದೆಗೆ," ಅಂದ ಹಾಲಿನವನು.

"ನಾಳೆಯಿಂದ ನೀರು ಜಾಸ್ತಿ ಹಾಕು. ಪಂಚಾಕ್ಷರಯ್ಯನವ್ರೇ, ರಾತ್ರಿಯೊಳಗೆ ಆ ಬೋರ್ಡು ಕೆಳಗಿಳಿದಿರ್ಬೇಕು. ಇನ್ನು ತಾಯಿ, ನೀವು ದೂರು ಕೊಡ್ತೀರಾ? ಕೊಡಿ, ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ."

ಚೂಡಾಮಣಿ "ತಪ್ಪಾಯ್ತು ತಾಯಿ, ತಪ್ಪಾಯ್ತು" ಅಂತ ಕಾಲಿಗೆ ಬೀಳೋಕೆ ಬಂದ. ಮುನಿಸ್ವಾಮಿ ಹಿಂದೆಯೇ ಬಗ್ಗಿದ. ನನಗೆ ಕನಿಕರ ಬಂತು ಅಂತ ತಿಳ್ಕೋಬೇಡಿ. ಒಂದು ಚೂರೂ ಬರ್ಲಿಲ್ಲ. ನನ್ನ ಮನೆ ಬಾಗಿಲಲ್ಲಿ ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶ ಮಾಡಿಟ್ಟು ತಮಾಷೆ ನೋಡಿದ್ರಲ್ಲ, ಅದಕ್ಕೆ ಲಾಕಪ್ಪು ಸಾಕಾಗಲ್ಲ ಅನ್ನಿಸ್ತು.

"ದೂರು ಇಟ್ಕೊಂಡಿರಿ ಸಾರ್," ಅಂದೆ. "ಮೊದ್ಲು ನನ್ನ ಮಿಷನ್ ಮನೆಗೆ ಬರ್ಬೇಕು. ಗಾಡಿ ಈ ಮುನಿಸ್ವಾಮೀನೇ ತಳ್ಬೇಕು. ಇಲ್ಲಿಂದ ನಮ್ಮ ಬೀದೀವರೆಗೂ ದಾರಿ ಉದ್ದಕ್ಕೂ ಕೂಗ್ಬೇಕು. ನಾನು ಹೇಳಿಕೊಟ್ಟಿದ್ದನ್ನ ಕೂಗ್ಬೇಕು. ಗಂಟಲು ಸಣ್ಣ ಆಯ್ತೋ, ದೂರು ಬರೆಸ್ತೀನಿ."

ಗಂಟಲು ಸಣ್ಣ ಆಗ್ಲಿಲ್ಲ. ಆ ಒಂದು ಗುಣ ಅವನಲ್ಲಿತ್ತು. ಕೊಡೆ ಗಾಡಿಗೆ ಸಿಕ್ಕಿಸಿ, ಮಿಷನ್ನನ್ನ ದೇವರ ಥರ ಕೂರಿಸ್ಕೊಂಡು, ಚಾಮರಾಜಪೇಟೆಯಿಂದ ನಮ್ಮ ಬಾಗಿಲ ತನಕ ಕೂಗಿದ.

"ಮಹಾಜನಗಳೇ! ಇದು ಗಿರಿಜಾಂಬಾ ಅವರ ಸ್ವಂತ ಮಿಷನ್ನು! ಈ ಮನೆಯವರು ಯಾರಿಗೂ ಒಂದು ಕಾಸು ಬಾಕಿ ಇಲ್ಲ! ನಾವೇ ಸುಳ್ಳು ಹೇಳಿದ್ವಿ, ನಾವೇ ಕದ್ವಿ, ನಾವೇ ತಂದು ಕೊಡ್ತಿದೀವಿ! ಹೆಂಗಸರಿಗೆ ಪ್ರತ್ಯೇಕ ಸ್ಥಳಾವಕಾಶವಿದೆ!"

ಹೆಂಗಸರು ಬಂದು ನಿಂತ್ಕೊಂಡ್ರು. ಈ ಸಲ ನಾನೂ ಅವರ ಮಧ್ಯ ನಿಂತ್ಕೊಂಡು ಪೂರ್ತಿ ಕೇಳಿದೆ. ಎರಡು ಸಲ ಕೂಗಿಸಿದೆ.

ಮಿಷನ್ ಮೂಲೇಲಿ ಅದರ ನಾಲ್ಕು ಗುರುತಿನ ಮೇಲೇ ಕೂತ್ಕೊಂಡಿತು. ಇವರು ಸುತ್ತಿಗೆ ತಗೊಂಡು ಬೋರ್ಡ್ ಕಿತ್ರು. ಒಂದ್ಸಲ ಬೆರಳಿಗೆ ಹೊಡ್ಕೊಂಡ್ರು, ನೋವಾಯ್ತಾ ಅಂತ ನಾನು ಕೇಳ್ಲಿಲ್ಲ. ಬೋರ್ಡ್ ನೀರೊಲೆಗೆ ಹಾಕಿ, ಬಿಸಿನೀರು ಸ್ನಾನ ಮಾಡಿ, ವಿಭೂತಿ ಇಟ್ಕೊಂಡು ಬಂದು ನನ್ನ ಪಕ್ಕ ಮಣೆ ಮೇಲೆ ಕೂತ್ರು. ನಾನು ಸಿಕ್ಕಾದ ದಾರ ಬಿಡಿಸ್ತಾ, ಗೋದಾ ರವಿಕೆಯ ಎರಡನೇ ತೋಳು ಹುಡುಕ್ತಾ ಇದ್ದೆ. ನನ್ನ ಸಿಟ್ಟು ಅಷ್ಟು ಬೇಗ ಇಳಿಯೋದಲ್ಲ.

"ಲೇ," ಅಂದ್ರು ಇವರು.

"ಏನು?"

"ಇನ್ನೊಂದ್ಸಲ ಹೇಳ್ತೀಯಾ?"

"ಏನನ್ನ?"

"ನನ್ನ ಹೆಸರು." ನೆಲ ನೋಡ್ತಾ ಇದ್ರು. "ಯಾರೂ ಹಾಗೆ ಹೇಳಿರ್ಲಿಲ್ಲ ಕಣೇ. ಅಂಗಡೀಲಿ ಏಯ್ ಪಂಚು ಅಂತಾರೆ, ಇಲ್ಲಿ ಲಾಯರ್ರೇ ಅಂತಾರೆ. ಪೂರ್ತಿ ಹೆಸರು ಹಾಗೆ... ಬೀದಿ ನಿಲ್ಲೋಹಾಗೆ..."

ಬಿಡಿಸಿದ್ದ ದಾರಾನ ಮತ್ತೆ ಸಿಕ್ಕು ಮಾಡ್ಕೊಂಡೆ. ಆದ್ರೆ ತೋರಿಸ್ಕೊಳ್ಳೋಳಲ್ಲ ನಾನು. "ಆ ಆಸೆ ಬಿಡಿ. ಆಯಸ್ಸು ಸವೀಲಿ ಅಂತಾನಾ? ಇನ್ನೊಂದ್ಸಲ ಆ ಹೆಸರು ನನ್ನ ಬಾಯಿಂದ ಬರ್ಬೇಕು ಅಂದ್ರೆ, ಇನ್ನೊಬ್ಬ ಯಾವನಾದ್ರೂ ಬಂದು ನನ್ನ ಮಿಷನ್ ಮುಟ್ಬೇಕು."

ಇಪ್ಪತ್ತು ವರ್ಷದಲ್ಲಿ ಇವರು ಕಾಲಾವಕಾಶ ಕೇಳದೇ ಮಾಡಿದ ಕೆಲಸ ಇದೊಂದೇ ಇರ್ಬೇಕು. ಮೆಲ್ಲಗೆ ಕೈ ಚಾಚಿ, ಚಕ್ರದ ಮೇಲೆ ಒಂದು ಬೆರಳಿಟ್ಟು, ಹಿಂದಕ್ಕೆ ತಿರುಗಿಸಿದ್ರು.

"ಪಂಚಾಕ್ಷರಯ್ಯಾ!"

ಎದುರು ಮನೇಲಿ ಗೋದಾ ನಗೋದು ನಮ್ಮ ಅಡುಗೆಮನೆವರೆಗೂ ಕೇಳಿಸ್ತು.